ಅರಿವಳಿದ ದೇಹದ ಅಂತರುಷ್ಣವೂ ಅದರ ಪರೀಕ್ಷೆಯೂ

ಶ್ರೀ ಗುರುಬಸವಲಿಂಗಾಯ ನಮಃ



ಮಠದ ಮಹೋತ್ಸವದಲ್ಲಿ ಶಾಸ್ತ್ರವಿಚಾರವು ನಡೆಯುವುದು ವಾಡಿಕೆಯಷ್ಟೆ. ಅಂತಹ ಸಭೆಯಲ್ಲಿ ಶಸ್ತ್ರಚಿಕಿತ್ಸೆಯ ಕಾಲಕ್ಕೆ ರೋಗಿಯ ಮೈಯ ಬಿಸಿಯನ್ನು ಅಳೆಯುವ ಕ್ರಮವನ್ನು ಪ್ರಸ್ತಾಪಿಸುವುದು ಅಪ್ರಕೃತವೆಂದು ಕೆಲವರಿಗೆ ತೋರಬಹುದು. ಆದರೆ ಶರಣರ ಮತದಲ್ಲಿ ಕಾಯವು ತುಚ್ಛವಾದ ವಸ್ತುವಲ್ಲ. ಲಿಂಗವನ್ನು ಧರಿಸತಕ್ಕ ಅಂಗವದು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ವೈದ್ಯ ಸಂಗಣ್ಣನೆಂಬವನು ವೈದ್ಯವೃತ್ತಿಯವನೇ ಆಗಿದ್ದು, ರೋಗ ಔಷಧಗಳ ಪರಿಭಾಷೆಯಲ್ಲಿಯೇ ತನ್ನ ಅನುಭಾವವನ್ನು ಹೇಳಿದನು. ಅನ್ನದಾಸೋಹದಿಂದಲೂ ವಿದ್ಯಾದಾನದಿಂದಲೂ ಮೊದಲಾದ ಮಠಗಳ ಸೇವೆಯು ಕಾಲಕ್ರಮದಲ್ಲಿ ಆರೋಗ್ಯಸೇವೆಗೂ ಹಬ್ಬಿತು. ಸುತ್ತೂರು ಶ್ರೀಮಠದ ವಿದ್ಯಾಪೀಠವು ೧೯೮೪ರಲ್ಲಿ ಮೈಸೂರಿನಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದುದು ಇದಕ್ಕೆ ಒಂದು ನಿದರ್ಶನ. ಆದುದರಿಂದ ಭಕ್ತರಾದವರು ಈ ವಿಷಯವನ್ನು ಅರಿತಿರುವುದು ಯುಕ್ತವೇ ಆಗಿದೆ.

ಮೊದಲು ಸ್ವಸ್ಥದೇಹದ ಸ್ಥಿತಿಯನ್ನು ವಿಚಾರಿಸೋಣ. ಮನುಷ್ಯನ ಒಳಮೈಯ ಉಷ್ಣವು ಸುಮಾರು ೩೭ ಡಿಗ್ರಿ ಸೆಂಟಿಗ್ರೇಡ್, ಎಂದರೆ ಫ್ಯಾರನ್‌ಹೀಟ್ ಮಾನದಲ್ಲಿ ೯೮.೬ ಡಿಗ್ರಿ. ಹೊರಗೆ ಮಾಘಮಾಸದ ಚಳಿಯಿರಲಿ, ವೈಶಾಖದ ಬಿಸಿಲಿರಲಿ, ಒಳಗಿನ ಈ ಉಷ್ಣವು ಹೆಚ್ಚು ಕದಲುವುದಿಲ್ಲ. ಇದನ್ನು ಕಾಯತಕ್ಕ ಅಧಿಕಾರಿಯು ಮೆದುಳಿನ ತಳಭಾಗದಲ್ಲಿರುವ ಹೈಪೋಥಲಾಮಸ್ ಎಂಬ ಕಿರಿದಾದ ಅಂಗ. ಉಷ್ಣವು ಒಂದು ಡಿಗ್ರಿಯ ಕೆಲವೇ ದಶಾಂಶಗಳಷ್ಟು ಇಳಿದರೂ ಅದು ಎಚ್ಚರಗೊಂಡು ಕೈಕಾಲುಗಳ ಚರ್ಮದ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಅದು ಸಾಲದೆ ಹೋದರೆ ಮೈಯನ್ನು ನಡುಗಿಸಿ ಸ್ನಾಯುಗಳಿಂದ ಹೊಸ ಉಷ್ಣವನ್ನು ಹುಟ್ಟಿಸುತ್ತದೆ. ಉಷ್ಣವು ಏರಿದರೆ ಬೆವರನ್ನು ಹೊರಡಿಸುತ್ತದೆ. ಇವೆಲ್ಲಕ್ಕಿಂತಲೂ ಬಲವಾದ ಉಪಾಯವು ಮನುಷ್ಯನ ಸ್ವಂತ ಬುದ್ಧಿ: ಚಳಿಯಾದರೆ ಅವನು ಕಂಬಳಿಯನ್ನು ಹೊದೆಯುತ್ತಾನೆ, ಒಲೆಯ ಬಳಿಗೆ ಸರಿಯುತ್ತಾನೆ, ಪಕ್ಕದವರನ್ನು ಕರೆದು ಹೇಳುತ್ತಾನೆ.

ಇನ್ನು ಶಸ್ತ್ರಚಿಕಿತ್ಸೆಯ ವಿಷಯ. ರೋಗಿಗೆ ನೋವು ತಿಳಿಯದಂತೆ ಮಾಡಬೇಕೆಂಬ ಆಶೆಯು ಪುರಾತನವಾದುದು. ಮದ್ಯಪಾನದ ಅಭ್ಯಾಸವುಳ್ಳವನಿಗೆ ಶಸ್ತ್ರಕರ್ಮಕ್ಕೆ ಮೊದಲು ಮದ್ಯವನ್ನು ಕುಡಿಸಬೇಕೆಂದು ಸುಶ್ರುತಸಂಹಿತೆಯಲ್ಲಿ ವಿಧಿಸಿದೆ. ೧೮೪೬ನೆಯ ಇಸವಿ ಅಕ್ಟೋಬರ್ ೧೬ರಂದು ಅಮೆರಿಕಾದ ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ಮಾರ್ಟನ್ ಎಂಬ ದಂತವೈದ್ಯನು ಈಥರ್ ಎಂಬ ಔಷಧದ ಆವಿಯನ್ನು ಮೂಸಿಸಿ, ಸಭೆಯ ಮುಂದೆ ನೋವಿಲ್ಲದೆ ಶಸ್ತ್ರಕ್ರಿಯೆಯು ನಡೆಯುವಂತೆ ಮಾಡಿ ತೋರಿಸಿದನು. ಆ ದಿನದಿಂದ ಶಸ್ತ್ರವೈದ್ಯದ ಮುಖವೇ ಬದಲಾಯಿತು.

ಈ ವಿದ್ಯೆಗೆ ಕನ್ನಡದಲ್ಲಿ ಸಲ್ಲುತ್ತಿರುವ ಅರಿವಳಿಕೆಯೆಂಬ ಹೆಸರು ಬಹಳ ಅರ್ಥವತ್ತಾಗಿದೆ. ಅರಿವು ಅಳಿಯುವುದೇ ಅರಿವಳಿಕೆ. ಆದರೆ ಅಳಿಯತಕ್ಕ ಅರಿವು ನೋವಿನದೊಂದೇ ಎಂದು ತಿಳಿಯುವುದು ಸರಿಯಲ್ಲ. ಇಡೀ ದೇಹವನ್ನು ಮಲಗಿಸುವ ಸಾರ್ವದೈಹಿಕ ಅರಿವಳಿಕೆಯಲ್ಲಿ ಉಷ್ಣವನ್ನು ಕಾಯುವ ಅಧಿಕಾರಿಯೂ ತೂಕಡಿಸುತ್ತಾನೆ. ಎಚ್ಚರದಲ್ಲಿ ಡಿಗ್ರಿಯ ದಶಾಂಶಗಳ ಭೇದಕ್ಕೇ ಸಿಡಿದೇಳುತ್ತಿದ್ದವನು ಈಗ ೨ ರಿಂದ ೪ ಡಿಗ್ರಿಗಳ ಭೇದವಾಗುವ ತನಕ ಸುಮ್ಮನಿರುತ್ತಾನೆ. ನಡುಕವಿಲ್ಲ, ಸ್ನಾಯುಗಳನ್ನು ಸಡಿಲಿಸುವ ಔಷಧವನ್ನು ಕೊಟ್ಟಿದ್ದರೆ ನಡುಗುವ ಶಕ್ತಿಯೂ ಇಲ್ಲ. ಚಳಿಯೆಂದು ಹೇಳುವ ನಾಲಿಗೆಯಿಲ್ಲ, ಕಂಬಳಿಯನ್ನು ಎಳೆದುಕೊಳ್ಳುವ ಕೈಯಿಲ್ಲ.

ಆಗ ಉಷ್ಣವು ಇಳಿಯುವ ಬಗೆ ಹೇಗೆಂಬುದನ್ನು ದೃಷ್ಟಾಂತದಿಂದ ತಿಳಿಯಬಹುದು. ಚಳಿಗಾಲದ ರಾತ್ರಿ ಮನೆಯ ಒಳಕೋಣೆಯಲ್ಲಿ ಅಗ್ಗಿಷ್ಟಿಕೆಯಿಟ್ಟು ಬಾಗಿಲುಗಳನ್ನು ಮುಚ್ಚಿದ್ದರೆ, ಪಡಸಾಲೆಯು ತಣ್ಣಗಿದ್ದರೂ ಒಳಕೋಣೆಯು ಬೆಚ್ಚಗಿರುತ್ತದೆ. ಬಾಗಿಲುಗಳನ್ನೆಲ್ಲ ಒಮ್ಮೆಲೇ ತೆರೆದರೆ ಬಿಸಿಯು ಮನೆಯನ್ನು ಬಿಟ್ಟು ಹೋಗದಿದ್ದರೂ ಪಡಸಾಲೆಗೆಲ್ಲ ಹರಡಿ ಒಳಕೋಣೆಯು ತಣಿಯುತ್ತದೆ. ದೇಹದಲ್ಲಿಯೂ ಹಾಗೆಯೇ. ಅರಿವಳಿಕೆಯು ತಗಲಿದೊಡನೆ ಬಿಗಿದಿದ್ದ ರಕ್ತನಾಳಗಳು ಸಡಿಲಗೊಂಡು, ಎದೆ ಹೊಟ್ಟೆ ತಲೆಗಳೊಳಗಿನ ಬಿಸಿರಕ್ತವು ತಂಪಾದ ಕೈಕಾಲುಗಳಿಗೆ ಹರಿಯುತ್ತದೆ. ಮೊದಲನೆಯ ಗಂಟೆಯಲ್ಲಿಯೇ ಒಳಮೈಯ ಉಷ್ಣವು ೧ ರಿಂದ ೧.೫ ಡಿಗ್ರಿಯವರೆಗೆ ಕುಸಿಯುವುದಕ್ಕೆ ಮುಖ್ಯ ಕಾರಣ ಇದೇ. ತರುವಾಯ ತಂಪಾದ ಕೋಣೆ, ಬತ್ತಲೆಯಾದ ಮೈ, ತೆರೆದ ಉದರ, ನಾಳದೊಳಕ್ಕೆ ಬಿಡುವ ತಣ್ಣನೆಯ ದ್ರವಗಳು ಇವೆಲ್ಲ ಸೇರಿ ನಿಜವಾಗಿಯೇ ಉಷ್ಣವನ್ನು ಅಪಹರಿಸುತ್ತವೆ. ಶೀತಪೆಟ್ಟಿಗೆಯಿಂದ ತೆಗೆದ ಒಂದು ಚೀಲ ರಕ್ತವನ್ನು ಬೆಚ್ಚಗೆ ಮಾಡದೆ ಕೊಟ್ಟರೆ, ಪ್ರಾಯದ ಮನುಷ್ಯನ ಮೈಯುಷ್ಣವು ಸುಮಾರು ಕಾಲು ಡಿಗ್ರಿಯಷ್ಟು ಇಳಿಯುತ್ತದೆ.

ಒಂದೆರಡು ಡಿಗ್ರಿಯಿಂದ ಏನು ಹಾನಿಯೆಂಬ ಪ್ರಶ್ನೆಯು ಸಹಜವೇ. ೧೯೯೬ರಲ್ಲಿ ಕುರ್ಜ್, ಸೆಸ್ಲರ್, ಲೆನ್‌ಹಾರ್ಟ್ ಎಂಬ ವೈದ್ಯರು ಆಸ್ಟ್ರಿಯಾ ದೇಶದಲ್ಲಿ ದೊಡ್ಡಕರುಳಿನ ಶಸ್ತ್ರಕ್ರಿಯೆಗೆ ಬಂದ ೨೦೦ ಮಂದಿಯನ್ನು ಎರಡು ಪಂಗಡ ಮಾಡಿ ಪರೀಕ್ಷಿಸಿದರು. ಬೆಚ್ಚಗಿಟ್ಟವರ ಉಷ್ಣವು ಕೊನೆಗೆ ಸರಾಸರಿ ೩೬.೬ ಡಿಗ್ರಿ ಇದ್ದಿತು, ಉಳಿದವರದು ೩೪.೭ಕ್ಕೆ ಇಳಿದಿದ್ದಿತು. ಬೆಚ್ಚಗಿದ್ದವರಲ್ಲಿ ನೂರಕ್ಕೆ ೬ ಮಂದಿಗೆ ಗಾಯವು ಕೀವಾದರೆ, ತಣಿದವರಲ್ಲಿ ನೂರಕ್ಕೆ ೧೯ ಮಂದಿಗೆ ಹಾಗಾಯಿತು. ತಣಿದವರು ಆಸ್ಪತ್ರೆಯಲ್ಲಿ ಇರಬೇಕಾದ ಕಾಲವೂ ಸರಾಸರಿ ಎರಡೂವರೆ ದಿನಕ್ಕಿಂತ ಹೆಚ್ಚಾಯಿತು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ: ಚಳಿಯಿಂದ ನಾಳಗಳು ಬಿಗಿದರೆ ಗಾಯದ ಅಂಚಿಗೆ ಪ್ರಾಣವಾಯುವು ಸಾಲದೆ, ಕ್ರಿಮಿಗಳನ್ನು ಕೊಲ್ಲತಕ್ಕ ಬಿಳಿಯ ರಕ್ತಕಣಗಳು ದುರ್ಬಲವಾಗುತ್ತವೆ. ಅದೇ ವರ್ಷ ಸೊಂಟದ ಕೀಲನ್ನು ಬದಲಿಸಿಕೊಂಡ ೬೦ ಮಂದಿಯ ಪರೀಕ್ಷೆಯಲ್ಲಿ, ತಣಿದವರು ಸುಮಾರು ಅರ್ಧ ಲೀಟರಿನಷ್ಟು ಹೆಚ್ಚು ರಕ್ತವನ್ನು ಕಳೆದುಕೊಂಡರೆಂದು ಕಂಡುಬಂದಿತು. ರಕ್ತವನ್ನು ಹೆಪ್ಪುಗಟ್ಟಿಸುವ ಕ್ರಿಯೆಯೂ ಉಷ್ಣವನ್ನೇ ಅವಲಂಬಿಸಿರುವುದಷ್ಟೆ. ೧೯೯೭ರಲ್ಲಿ ಅಮೆರಿಕಾದಲ್ಲಿ ಹೃದ್ರೋಗದ ಭಯವುಳ್ಳ ೩೦೦ ಮಂದಿಯನ್ನು ಪರೀಕ್ಷಿಸಿದಾಗ, ಹೃದಯದ ಗಂಡಾಂತರಗಳು ಬೆಚ್ಚಗಿದ್ದವರಲ್ಲಿ ನೂರಕ್ಕೆ ೧.೪ ಆದರೆ ಉಳಿದವರಲ್ಲಿ ೬.೩ ಆಗಿದ್ದವು.

ಶಾಸ್ತ್ರವೆಂಬುದು ಪೂರ್ವಪಕ್ಷವನ್ನು ಮರೆಮಾಡತಕ್ಕದ್ದಲ್ಲ. ೨೦೨೨ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯು ಚೀನಾದ ಹಲವು ಆಸ್ಪತ್ರೆಗಳಲ್ಲಿಯೂ ಅಮೆರಿಕಾದ ಕ್ಲೀವ್‌ಲೆಂಡಿನಲ್ಲಿಯೂ ೫,೦೦೦ಕ್ಕೂ ಮಿಕ್ಕ ರೋಗಿಗಳ ಮೇಲೆ ನಡೆಯಿತು. ಅಲ್ಲಿ ಒಂದು ಪಂಗಡವನ್ನು ೩೭ ಡಿಗ್ರಿಯಲ್ಲಿಯೂ ಇನ್ನೊಂದನ್ನು ೩೫.೫ ಡಿಗ್ರಿಯಲ್ಲಿಯೂ ಇರಿಸಲು ಯತ್ನಿಸಿದರು. ಹೃದಯದ ಕೇಡು, ಮರಣ ಮೊದಲಾದವುಗಳಲ್ಲಿ ಎರಡು ಪಂಗಡಗಳಿಗೂ ಭೇದವು ಕಾಣಲಿಲ್ಲ: ನೂರಕ್ಕೆ ೯.೯ ಮತ್ತು ೯.೬. ಹಾಗಾದರೆ ಹಿಂದಿನ ಮಾತುಗಳು ಸುಳ್ಳಾದುವೇ? ಇಲ್ಲ. ಹಿಂದಿನ ಕರುಳಿನ ಪರೀಕ್ಷೆಯಲ್ಲಿ ತಣಿದವರು ೩೫ಕ್ಕಿಂತಲೂ ಕೆಳಗೆ ಇಳಿದಿದ್ದರು. ಈ ಪರೀಕ್ಷೆಯಲ್ಲಿ ಯಾರನ್ನೂ ಅಷ್ಟು ಇಳಿಯಗೊಡುವ ಉದ್ದೇಶವಿರಲಿಲ್ಲ. ೩೫.೫ರಲ್ಲಿ ಉಳಿದವನಿಗೂ ೩೭ರಲ್ಲಿ ಉಳಿದವನಿಗೂ ಅಂತರವು ಅಲ್ಪವೆಂದು ಇದರಿಂದ ಸಿದ್ಧಿಸುತ್ತದೆಯೇ ಹೊರತು, ೩೪ಕ್ಕೆ ಇಳಿದವನು ಕ್ಷೇಮಿಯೆಂದು ಸಿದ್ಧಿಸುವುದಿಲ್ಲ. ಅಲ್ಲದೆ ರೋಗಿಯು ೩೫.೫ರಲ್ಲಿದ್ದಾನೆಯೋ ೩೪.೫ರಲ್ಲಿದ್ದಾನೆಯೋ ಎಂಬುದು ಅಳೆದವನಿಗಲ್ಲದೆ ತಿಳಿಯತಕ್ಕದ್ದಲ್ಲ. ಎಷ್ಟು ಬೆಚ್ಚಗಿಡಬೇಕೆಂಬುದರಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯವಿರಬಹುದು, ಅಳೆಯಬೇಕೆಂಬುದರಲ್ಲಿ ಇರಲಾರದು.

ಅಳತೆಯು ಬೇಕೆಂಬುದಕ್ಕೆ ಎದುರು ದಿಕ್ಕಿನ ಕಾರಣವೂ ಒಂದುಂಟು. ಬಹಳ ವಿರಳವಾಗಿ ಕೆಲವು ವಂಶಗಳಲ್ಲಿ, ಮೂಸಿಸುವ ಅರಿವಳಿಕೆಯ ಔಷಧಗಳೇ ಸ್ನಾಯುಗಳಲ್ಲಿ ಕಿಚ್ಚನ್ನು ಹಚ್ಚುತ್ತವೆ. ೧೯೬೦ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಡೆನ್‌ಬರೋ ಮತ್ತು ಲೊವೆಲ್ ಎಂಬ ವೈದ್ಯರು ಇದನ್ನು ಲೋಕಕ್ಕೆ ತಿಳಿಸಿದರು. ಕಾಲು ಮುರಿದುಕೊಂಡು ಬಂದ ೨೧ ವಯಸ್ಸಿನ ವಿದ್ಯಾರ್ಥಿಯೊಬ್ಬನು ಮುರಿದ ಕಾಲಿಗಿಂತ ಅರಿವಳಿಕೆಗೇ ಹೆಚ್ಚು ಹೆದರಿದ್ದನು. ಅವನ ಬಂಧುವರ್ಗದಲ್ಲಿ ಹತ್ತು ಮಂದಿ ಈಥರ್ ಮೂಸಿ ಮಡಿದಿದ್ದರು. ವೈದ್ಯರು ಈಥರನ್ನು ಬಿಟ್ಟು ಬೇರೆ ಔಷಧವನ್ನು ಕೊಟ್ಟರೂ ಅವನಿಗೆ ಅದೇ ವಿಪತ್ತು ಒದಗಿತು. ಮಂಜುಗಡ್ಡೆಯನ್ನಿಟ್ಟು ಅವನನ್ನು ಉಳಿಸಿಕೊಂಡರು. ಈ ವ್ಯಾಧಿಯಲ್ಲಿ ಉಸಿರಿನ ಅಂಗಾರಾಮ್ಲವು ಏರುವುದೂ ನಾಡಿಯು ವೇಗವಾಗುವುದೂ ಸ್ನಾಯುಗಳು ಸೆಟೆಯುವುದೂ ಲಕ್ಷಣಗಳು. ತೀವ್ರವಾದಾಗ ಕೆಲವೇ ನಿಮಿಷಗಳಿಗೆ ಒಂದೊಂದು ಡಿಗ್ರಿಯಂತೆ ಉಷ್ಣವು ಏರಬಹುದು. ಡ್ಯಾಂಟ್ರೋಲಿನ್ ಎಂಬ ಔಷಧವು ಇದಕ್ಕೆ ಪರಿಹಾರವೆಂದು ೧೯೭೫ರಲ್ಲಿ ಹಂದಿಗಳ ಮೇಲಿನ ಪ್ರಯೋಗದಿಂದ ತಿಳಿದುಬಂದಿತು. ಆದರೆ ಔಷಧವಿದ್ದರೂ ಕಾಲದಲ್ಲಿ ಕಂಡವನಿಗೇ ಅದು ಪ್ರಯೋಜನಕಾರಿ.

ಅಳೆಯಬೇಕು, ಸರಿ, ಎಲ್ಲಿ ಅಳೆಯಬೇಕು? ಒಳಗಿನ ಉಷ್ಣವು ಒಳಗೇ ನೇರವಾಗಿ ಸಿಕ್ಕುವುದು. ಶ್ವಾಸಕೋಶದ ಧಮನಿ, ಅನ್ನನಾಳದ ಕೆಳಭಾಗ, ಮೂಗಿನ ಹಿಂದಿನ ಗಂಟಲು ಇವು ಪ್ರಮಾಣಸ್ಥಾನಗಳು. ಇವುಗಳಲ್ಲಿ ಸೂಕ್ಷ್ಮವಾದ ತಂತಿಯನ್ನು ತೂರಿಸಿ ಅಳೆಯುತ್ತಾರೆ. ಆದರೆ ಧಮನಿಯೊಳಗೆ ನಳಿಗೆಯಿಡುವುದು ಮಹಾಶಸ್ತ್ರಕ್ರಿಯೆಗಳಲ್ಲಿ ಮಾತ್ರ ಸಲ್ಲತಕ್ಕದ್ದು. ಮೂಗಿನಲ್ಲಿ ತೂರಿಸಿದರೆ ರಕ್ತವು ಒಸರಬಹುದು. ಬೆನ್ನಿನ ಸೂಜಿಯಿಂದ ಕೆಳಮೈಯನ್ನು ಮಾತ್ರ ಮರಗಟ್ಟಿಸಿದ, ಎಚ್ಚರವಿರುವ ರೋಗಿಯು ಗಂಟಲ ತಂತಿಯನ್ನು ಸಹಿಸಲಾರನು. ಅವನ ಮೈಯೂ ತಣಿಯುವುದುಂಟು. ಶಸ್ತ್ರಕ್ರಿಯೆಯ ಮೊದಲೂ ತರುವಾಯವೂ ಅದೇ ಅಳತೆಯು ಮುಂದುವರಿಯಬೇಕಾದರೆ, ಮೈಯನ್ನು ಹೊಗದೆ ಅಳೆಯತಕ್ಕ ಉಪಾಯವು ಬೇಕೇ ಬೇಕು.

ಹೊರಗಿನಿಂದ ಒಳಗನ್ನು ಅರಿಯುವ ಈ ಯತ್ನವು ಹೊಸದಲ್ಲ. ಅಷ್ಟವಿಧ ಪರೀಕ್ಷೆಗಳಲ್ಲಿ ಸ್ಪರ್ಶವೂ ಒಂದು. ಚರ್ಮದ ಕೆಳಗೆ ಅಡಗಿದ ಶಲ್ಯವನ್ನು ಪತ್ತೆಮಾಡಲು ಸುಶ್ರುತಸಂಹಿತೆಯಲ್ಲಿ ಹೇಳಿರುವ ವಿಧಿಯು ಆಶ್ಚರ್ಯಕರವಾದುದು: ಹೆಪ್ಪುಗಟ್ಟಿದ ತುಪ್ಪವನ್ನಾಗಲಿ, ಮಣ್ಣು ಗಂಧಗಳ ಲೇಪವನ್ನಾಗಲಿ ಬಳಿಯಬೇಕು, ಎಲ್ಲಿ ತುಪ್ಪವು ಬೇಗನೆ ಕರಗುವುದೋ, ಎಲ್ಲಿ ಲೇಪವು ಬೇಗನೆ ಒಣಗುವುದೋ ಅಲ್ಲಿ ಶಲ್ಯವಿದೆಯೆಂದು ತಿಳಿಯಬೇಕು. ಯೂರೋಪಿನಲ್ಲಿ ೧೭ನೆಯ ಶತಮಾನದ ಆದಿಯಲ್ಲಿ ಇಟಲಿಯ ಸಾಂಟೋರಿಯೋ ಎಂಬ ವೈದ್ಯನು ಗಾಜಿನ ಉಷ್ಣದರ್ಶಕವನ್ನು ರೋಗಿಗಳ ಮೇಲೆ ಪ್ರಯೋಗಿಸಿದನು. ೧೮೬೦ರ ದಶಕದಲ್ಲಿ ಇಂಗ್ಲೆಂಡಿನ ಆಲ್‌ಬಟ್ ಎಂಬವನು ಆರು ಅಂಗುಲದ, ಐದು ನಿಮಿಷದಲ್ಲಿ ಫಲವನ್ನು ತೋರಿಸುವ ಥರ್ಮಾಮೀಟರನ್ನು ಮಾಡಿಸಿದನು. ೧೮೬೮ರಲ್ಲಿ ಜರ್ಮನಿಯ ವುಂಡರ್‌ಲಿಕ್ ಎಂಬವನು ಸಾವಿರಾರು ರೋಗಿಗಳ ಬಗಲಿನ ಉಷ್ಣವನ್ನು ಅಳೆದು ಗ್ರಂಥವನ್ನು ಬರೆದನು.

ಆದರೆ ಶಸ್ತ್ರಚಿಕಿತ್ಸಾಗೃಹದಲ್ಲಿ ಬರಿಯ ಚರ್ಮವನ್ನು ನಂಬುವುದು ಅಪಾಯ. ಹಣೆಗೆ ಅಂಟಿಸುವ, ಉಷ್ಣಕ್ಕೆ ತಕ್ಕಂತೆ ಬಣ್ಣ ಬದಲಿಸುವ ದ್ರವಸ್ಫಟಿಕದ ಪಟ್ಟಿಗಳು ಸುಲಭವೂ ಅಗ್ಗವೂ ಆಗಿವೆ. ಹಣೆಯ ಚರ್ಮವು ಒಳಮೈಗಿಂತ ಸುಮಾರು ೨ ಡಿಗ್ರಿ ತಣ್ಣಗಿರುವುದು ಸಾಮಾನ್ಯ. ಆ ಅಂತರವು ಸ್ಥಿರವಾಗಿದ್ದಿದ್ದರೆ ಕೂಡಿಸಿಕೊಂಡು ಲೆಕ್ಕ ಮಾಡಬಹುದಾಗಿದ್ದಿತು. ಆದರೆ ಕೋಣೆಯ ಗಾಳಿ, ಬೆವರು, ನಾಳಗಳ ಬಿಗಿತ ಸಡಿಲಿಕೆ ಇವುಗಳಿಂದ ಅದು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಕಿವಿಯೊಳಗೂ ಹಣೆಯ ಪಕ್ಕದಲ್ಲಿಯೂ ಹಿಡಿಯುವ ಅವಕೆಂಪು ಕಿರಣದ ಯಂತ್ರಗಳು ಮನೆಯಲ್ಲಿ ಜ್ವರ ನೋಡುವುದಕ್ಕೆ ಅನುಕೂಲವೆನಿಸಿದರೂ ಇಲ್ಲಿ ಪ್ರಮಾಣವಾಗಲಾರವು. ಬೂದಿಯನ್ನು ಮುಟ್ಟಿ ತಣ್ಣಗಿದೆಯೆಂದವನು ಅದರಡಿಯ ಕೆಂಡವನ್ನು ಅರಿತವನಲ್ಲ.

ಈ ತೊಡಕಿಗೆ ೧೯೭೧ರಲ್ಲಿ ಇಂಗ್ಲೆಂಡಿನ ಫಾಕ್ಸ್ ಮತ್ತು ಸೋಲ್ಮನ್ ಎಂಬವರು ಒಂದು ಸುಂದರವಾದ ಪರಿಹಾರವನ್ನು ಪ್ರಕಟಿಸಿದರು. ಒಳಗಿನ ಬಿಸಿಯು ಹೊರಕ್ಕೆ ಹರಿದುಹೋಗುತ್ತಿರುವುದರಿಂದಲೇ ಚರ್ಮವು ಒಳಮೈಗಿಂತ ತಣ್ಣಗಿರುವುದು. ಆ ಹರಿವನ್ನೇ ನಿಲ್ಲಿಸಿದರೆ? ಬೂದಿಯ ಮೇಲೆ ಅಷ್ಟೇ ಬಿಸಿಯಾದ ಮುಚ್ಚಳವನ್ನಿಟ್ಟರೆ, ಬೂದಿಯೂ ಸ್ವಲ್ಪ ಹೊತ್ತಿನಲ್ಲಿ ಕೆಂಡದ ಬಿಸಿಗೇ ಬಂದು ನಿಲ್ಲುವುದಷ್ಟೆ. ಅವರು ರಚಿಸಿದ ಬಿಲ್ಲೆಯಲ್ಲಿ ಉಷ್ಣವನ್ನು ತಡೆಯುವ ಒಂದು ಪದರ, ಅದರ ಕೆಳಗೊಂದು ಮೇಲೊಂದು ಉಷ್ಣಮಾಪಕ, ಎಲ್ಲಕ್ಕೂ ಮೇಲೆ ಒಂದು ಕಾಯಿಸುವ ತಂತಿ. ಕೆಳಗಿನ ಮಾಪಕವು ಮೇಲಿನದಕ್ಕಿಂತ ಹೆಚ್ಚು ತೋರಿಸಿದರೆ ಬಿಸಿಯು ಹೊರಕ್ಕೆ ಹೋಗುತ್ತಿದೆಯೆಂದು ಅರ್ಥ. ಆಗ ತಂತಿಯು ತಾನಾಗಿಯೇ ಕಾಯುತ್ತದೆ. ಎರಡೂ ಸಮನಾದಾಗ ಹರಿವು ಶೂನ್ಯ. ಆ ಸ್ಥಿತಿಯಲ್ಲಿ ಚರ್ಮದ ಉಷ್ಣವು ಒಂದೆರಡು ಸೆಂಟಿಮೀಟರು ಆಳದ ಉಷ್ಣಕ್ಕೆ ಸಮನಾಗುತ್ತದೆ. ರಕ್ತವು ಯಥೇಚ್ಛವಾಗಿ ಹರಿಯುವ ಹಣೆಯಲ್ಲಿ ಅಷ್ಟು ಆಳವೇ ಒಳಮೈಯ ಉಷ್ಣಕ್ಕೆ ಪ್ರತಿನಿಧಿ. ಇದನ್ನು ಶೂನ್ಯೋಷ್ಣಪ್ರವಾಹ ಕ್ರಮವೆಂದು ಕರೆಯಬಹುದು. ಒಳಗಿನದನ್ನು ಹೊರಕ್ಕೆ ಸೆಳೆಯದೆ, ತಾನೇ ಅದರ ಸಮಕ್ಕೆ ಏರಿ ನಿಂತಾಗ ಮಾತ್ರ ಯಂತ್ರಕ್ಕೆ ಒಳಗಿನ ಸತ್ಯವು ತಿಳಿಯುತ್ತದೆ.

ಮೊದಲು ಈ ಯಂತ್ರವು ಜಪಾನಿನಲ್ಲಿ ಬಳಕೆಗೆ ಬಂದಿತು; ಕಳೆದ ದಶಕದಿಂದ ಹುಬ್ಬಿನ ಮೇಲೆ ಅಂಟಿಸಿ ಬಿಸಾಡತಕ್ಕ ತೆಳುವಾದ ಪಟ್ಟಿಯ ರೂಪದಲ್ಲಿ ಪ್ರಚಾರವಾಗಿದೆ. ಅಂಟಿಸಿದ ಕೆಲವು ನಿಮಿಷಗಳಲ್ಲಿ ಅಂಕಿಯು ಸ್ಥಿರವಾಗುತ್ತದೆ. ಪ್ರಮಾಣಸ್ಥಾನದ ಅಳತೆಗೂ ಇದಕ್ಕೂ ಸಾಮಾನ್ಯವಾಗಿ ಅರ್ಧ ಡಿಗ್ರಿಯೊಳಗಿನ ಭೇದ. ವೈದ್ಯರು ಒಪ್ಪತಕ್ಕ ಮಿತಿಯೂ ಅಷ್ಟೇ. ಕಾಯಿಸುವ ತಂತಿಯಿಲ್ಲದೆ, ಎರಡು ಮಾಪಕಗಳ ಅಂತರದಿಂದ ಹರಿವನ್ನು ಲೆಕ್ಕಹಾಕಿ ಒಳಗಿನ ಉಷ್ಣವನ್ನು ಗಣಿಸುವ ಇನ್ನೊಂದು ಜಾತಿಯ ಪಟ್ಟಿಯೂ ಉಂಟು. ಇವುಗಳಿಗೆ ಮಿತಿಯಿಲ್ಲವೆಂದಲ್ಲ. ತಲೆಯ ಶಸ್ತ್ರಕ್ರಿಯೆಯಲ್ಲಿ ಹಣೆಯು ದೊರೆಯದಿರಬಹುದು. ಹೃದಯವನ್ನು ನಿಲ್ಲಿಸಿ ರಕ್ತವನ್ನು ಯಂತ್ರದಿಂದ ಶೀಘ್ರವಾಗಿ ತಣಿಸುವಾಗಲೂ ಕಾಯಿಸುವಾಗಲೂ ಇವು ಹಿಂದೆ ಬೀಳಬಹುದು. ಎಳೆಯ ಮಕ್ಕಳಲ್ಲಿ, ತೋಳನ್ನು ಮೈಗೆ ಒತ್ತಿ ಬಗಲಿನ ಧಮನಿಯ ಮೇಲೆ ಸರಿಯಾಗಿ ಇಟ್ಟ ಮಾಪಕವು ಈಗಲೂ ಉಪಯುಕ್ತವೇ.

ಅಳೆಯುವ ಕ್ರಮಕ್ಕೆ ಇಂಗ್ಲೆಂಡಿನ ನೈಸ್ ಎಂಬ ರಾಷ್ಟ್ರೀಯ ಸಂಸ್ಥೆಯು ೨೦೦೮ರಲ್ಲಿ ಪ್ರಕಟಿಸಿ ೨೦೧೬ರಲ್ಲಿ ಪರಿಷ್ಕರಿಸಿದ ವಿಧಿಗಳನ್ನು ಮಾದರಿಯಾಗಿ ನೋಡಬಹುದು. ಅರಿವಳಿಕೆಗೆ ಮೊದಲು ಅಳೆಯಬೇಕು; ಬಳಿಕ ಶಸ್ತ್ರಕ್ರಿಯೆಯು ಮುಗಿಯುವ ತನಕ ಅರ್ಧ ಗಂಟೆಗೊಮ್ಮೆ ಅಳೆಯಬೇಕು. ತುರ್ತಿಲ್ಲದಿದ್ದರೆ, ೩೬ ಡಿಗ್ರಿಗಿಂತ ಕೆಳಗಿರುವ ರೋಗಿಗೆ ಅರಿವಳಿಕೆಯನ್ನು ಆರಂಭಿಸಬಾರದು. ಅರ್ಧ ಲೀಟರು ಅಥವಾ ಹೆಚ್ಚಿನ ದ್ರವವನ್ನೂ ರಕ್ತವನ್ನೂ ೩೭ ಡಿಗ್ರಿಗೆ ಕಾಯಿಸಿ ಕೊಡಬೇಕು. ಅರ್ಧ ಗಂಟೆಗಿಂತ ಹೆಚ್ಚಿನ ಅರಿವಳಿಕೆಯಾದರೆ, ಬಿಸಿಗಾಳಿಯನ್ನು ಊದುವ ಹೊದಿಕೆಯನ್ನು ಹೊದಿಸಬೇಕು. ಬೆಚ್ಚಗಿಡುವ ಕೆಲಸವು ಅರಿವಳಿಕೆಗೆ ಮೊದಲೇ ಆರಂಭವಾದರೆ ಒಳ್ಳೆಯದು. ಪಡಸಾಲೆಯೂ ಬೆಚ್ಚಗಿದ್ದರೆ ಬಾಗಿಲು ತೆರೆದಾಗ ಒಳಕೋಣೆಯು ಹೆಚ್ಚು ತಣಿಯಲಾರದಷ್ಟೆ.

ಇಷ್ಟನ್ನೂ ಕೇಳಿದ ಭಕ್ತರು ಮಾಡತಕ್ಕದ್ದೇನು? ಮನೆಯವರೊಬ್ಬರು ಶಸ್ತ್ರಚಿಕಿತ್ಸೆಗೆ ಹೊರಟಾಗ, ಸರದಿಯನ್ನು ಕಾಯುವ ವೇಳೆಯಲ್ಲಿ ಅವರ ಕೈಕಾಲುಗಳನ್ನು ಬೆಚ್ಚಗೆ ಹೊದಿಸುವುದು ಮೊದಲನೆಯದು. ವಂಶದಲ್ಲಿ ಯಾರಾದರೂ ಅರಿವಳಿಕೆಯ ಕಾಲದಲ್ಲಿ ಅಕಸ್ಮಾತ್ತಾಗಿ ಮಡಿದಿದ್ದರೆ, ಅಥವಾ ವಿಪರೀತ ಜ್ವರಕ್ಕೆ ಗುರಿಯಾಗಿದ್ದರೆ, ಅದನ್ನು ಮರೆಮಾಚದೆ ವೈದ್ಯರಿಗೆ ತಿಳಿಸುವುದು ಎರಡನೆಯದು. ಅದು ವಂಶಕ್ಕೆ ಕಳಂಕವಲ್ಲ, ಒಂದು ಜೀವಕ್ಕೆ ರಕ್ಷೆ. ಮೂರನೆಯದು ದಾನಿಗಳಿಗೆ ಸಂಬಂಧಿಸಿದುದು. ಆಸ್ಪತ್ರೆಗೆ ದಾನ ಮಾಡುವವರು ಕಟ್ಟಡದ ಮೇಲೆ ಹೆಸರು ಕೆತ್ತುವ ಕೊಠಡಿಯನ್ನು ಕಟ್ಟಿಸುವುದುಂಟು. ಒಂದು ಬಿಸಿಗಾಳಿಯ ಹೊದಿಕೆ, ದ್ರವವನ್ನು ಕಾಯಿಸುವ ಒಂದು ಯಂತ್ರ, ಉಷ್ಣಮಾಪಕದ ನಾಲ್ಕು ಪಟ್ಟಿಗಳು ಇವುಗಳ ಮೇಲೆ ಹೆಸರು ಕೆತ್ತಲಾಗುವುದಿಲ್ಲ; ಆದರೆ ಧರ್ಮಾರ್ಥದ ವಾರ್ಡಿನಲ್ಲಿ ಮಲಗಿದ ಬಡವನ ಗಾಯವು ಕೀವಾಗದೆ ಮಾಯುವುದು ಇವುಗಳಿಂದ. ದಿನಗೂಲಿಯಿಂದ ಬದುಕುವವನಿಗೆ ಆಸ್ಪತ್ರೆಯ ಎರಡು ಮೂರು ದಿನಗಳು ಮನೆಯ ಒಲೆಯು ಆರುವಷ್ಟು ದೊಡ್ಡವು.

ಶರಣರು ಅರಿವನ್ನೇ ಗುರುವೆಂದು ಭಾವಿಸಿದರು. ಅರಿವಳಿಕೆಗೆ ಒಳಗಾದ ಮನುಷ್ಯನು ತನ್ನ ಅರಿವನ್ನು ಕೆಲವು ಗಂಟೆಗಳ ಮಟ್ಟಿಗೆ ಮತ್ತೊಬ್ಬರ ಕೈಯಲ್ಲಿ ನ್ಯಾಸವಾಗಿ ಇಟ್ಟಿರುತ್ತಾನೆ. ಅವನಿಗೆ ಚಳಿಯಾದರೆ ಅದನ್ನು ಅರಿಯತಕ್ಕವನು ತಲೆಯ ಕಡೆಯಲ್ಲಿ ಕುಳಿತ ಅರಿವಳಿಕೆಯ ವೈದ್ಯನು. ಜ್ವರವೇರಿದರೆ ಬೆಚ್ಚಿಬೀಳತಕ್ಕವನೂ ಅವನೇ. ಆ ವೈದ್ಯನು ಅರ್ಧ ಗಂಟೆಗೊಮ್ಮೆ ಅಂಕಿಯನ್ನು ನೋಡಿ ಬರೆದಿಡುವುದು ಸಣ್ಣ ಕೆಲಸವಾಗಿ ಕಾಣಬಹುದು. ಇಟ್ಟ ನ್ಯಾಸವನ್ನು ಕುಂದಿಲ್ಲದಂತೆ ಹಿಂತಿರುಗಿಸುವ ಕಾಯಕವು ಅದರಲ್ಲಿಯೇ ಅಡಗಿದೆ. ಅಂತಹ ಕಾಯಕವನ್ನು ಮಾಡುವವರಿಗೂ, ಅವರ ಕೈಗೆ ತಮ್ಮನ್ನು ಒಪ್ಪಿಸಿ ಮಲಗುವ ಸಕಲ ರೋಗಿಗಳಿಗೂ ಗುರುಕೃಪೆಯು ರಕ್ಷೆಯಾಗಲಿ.

ಮಂಗಳಂ ಭೂಯಾತ್.